ಸೂಪರ್‌ನೋವಾ ಅವಶೇಷದ ಅಧ್ಯಯನಕ್ಕೆ ಎಕ್ಸ್-ಕಿರಣ ಸಾಕೇ, ರೇಡಿಯೊ ಕೂಡ ಬೇಕೇ?

ಎಂಎಸ್ಸಿ ಪ್ರಬಂಧಕ್ಕೆ ಎಕ್ಸ್-ಕಿರಣ, ರೇಡಿಯೊ ಎಂಬ ಎರಡು ಬಗೆಯ ದತ್ತಾಂಶದಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ನೀವು ಬರೆದಿದ್ದೀರಿ. ನಾನೂ ಹಾಗೆಯೇ ಎಕ್ಸ್-ಕಿರಣವನ್ನು ಆರಿಸಿಕೊಂಡು ಐದು ತಿಂಗಳು ಕಳೆದುಕೊಂಡೆ.

ನನ್ನ ವಸ್ತು 1006ರಲ್ಲಿ ಸಿಡಿದ ನಕ್ಷತ್ರದ ಅವಶೇಷ. ಆಕಾಶದಲ್ಲಿ ಅದರ ವ್ಯಾಸ ಸುಮಾರು ಅರ್ಧ ಡಿಗ್ರಿ, ಎಂದರೆ ಹುಣ್ಣಿಮೆಯ ಚಂದ್ರನಷ್ಟು. ಎಕ್ಸ್‌ಎಂಎಂ-ನ್ಯೂಟನ್ ಎಂಬ ಎಕ್ಸ್-ಕಿರಣ ಬಾಹ್ಯಾಕಾಶ ದೂರದರ್ಶಕದ ದತ್ತಾಂಶವನ್ನು ಇಳಿಸಿಕೊಂಡು, ಫೋಟಾನ್‌ಗಳು ಹೆಚ್ಚಿದಷ್ಟೂ ಫಲಿತಾಂಶ ನಿಖರವಾಗುತ್ತದೆಂಬ ಆಸೆಯಿಂದ ಇಡೀ ಅವಶೇಷದ ಸುತ್ತ ಒಂದೇ ವೃತ್ತವನ್ನು ಎಳೆದೆ. ನನ್ನ ತಪ್ಪು ಆ ವೃತ್ತವೇ. ಒಳಭಾಗದಲ್ಲಿ ಆಘಾತ ತರಂಗದಿಂದ ಕಾದ ಅನಿಲವಿದೆ, ಅದರ ರೋಹಿತದಲ್ಲಿ (ಶಕ್ತಿಗೆ ಅನುಗುಣವಾಗಿ ಬಿಡಿಸಿದ ವಿಕಿರಣದಲ್ಲಿ) ಆಮ್ಲಜನಕ, ಸಿಲಿಕಾನ್‌ಗಳ ರೇಖೆಗಳಿವೆ. ಈಶಾನ್ಯ ಮತ್ತು ನೈಋತ್ಯದ ಅಂಚುಗಳಿಂದ ಬರುವುದಾದರೋ ಬಹುಮಟ್ಟಿಗೆ ರೇಖೆಗಳೇ ಇಲ್ಲದ ಸಿಂಕ್ರೊಟ್ರಾನ್ ವಿಕಿರಣ, ಎಂದರೆ ಕಾಂತಕ್ಷೇತ್ರದಲ್ಲಿ ಸುತ್ತುವ ಅತಿವೇಗದ ಎಲೆಕ್ಟ್ರಾನ್‌ಗಳು ಹೊಮ್ಮಿಸುವಂಥದ್ದು. ಎರಡನ್ನೂ ಕಲಸಿ ಬಿಸಿ ಅನಿಲದ ಒಂದೇ ಮಾದರಿಗೆ ಹೊಂದಿಸಿದಾಗ, ಅಂಚಿನ ನಿರಂತರ ರೋಹಿತವನ್ನೂ ಅನಿಲದ್ದೇ ಎಂದು ಬಗೆದ ಮಾದರಿ ತಾಪವನ್ನು ಏರಿಸಿತು, ರೇಖೆಗಳು ಕ್ಷೀಣವಾಗಿ ಕಂಡದ್ದರಿಂದ ಭಾರ ಧಾತುಗಳ ಪ್ರಮಾಣವನ್ನು ಸೂರ್ಯನಲ್ಲಿರುವುದಕ್ಕಿಂತ ಎಷ್ಟೋ ಕೆಳಕ್ಕೆ ಇಳಿಸಿತು. ಶ್ವೇತಕುಬ್ಜ (ಇಂಧನ ಮುಗಿದು ಕುಗ್ಗಿದ ನಕ್ಷತ್ರ) ಸಿಡಿದಾಗ ಭಾರ ಧಾತುಗಳು ಹೇರಳವಾಗಿ ಹುಟ್ಟುತ್ತವೆ, ಅಂಥ ಅವಶೇಷದಲ್ಲಿ ಅವುಗಳ ಬರ! ನಾನು ಅದನ್ನು ಹೊಸ ಶೋಧವೆಂದು ನಂಬಿ ಒಂದು ಅಧ್ಯಾಯವನ್ನೇ ಬರೆದೆ.

ಸಹಪಾಠಿಯೊಬ್ಬಳು ರೇಡಿಯೊ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟಳು. ಅದರಲ್ಲಿಯೂ ಅವೇ ಎರಡು ಅಂಚುಗಳು ಬೆಳಗುತ್ತಿದ್ದವು, ಎಂದರೆ ಅಲ್ಲಿಯ ಎಕ್ಸ್-ಕಿರಣ ಬಿಸಿ ಅನಿಲದ್ದಲ್ಲ, ಸಿಂಕ್ರೊಟ್ರಾನ್‌ನದು ಎಂಬ ಸುಳಿವು. ಕೊಯಾಮಾ ಮತ್ತು ಸಂಗಡಿಗರು ಜಪಾನಿನ ಎಕ್ಸ್-ಕಿರಣ ಉಪಗ್ರಹ ಆಸ್ಕಾದ ವೀಕ್ಷಣೆಗಳಿಂದ ಅಂಚನ್ನೂ ಒಳಭಾಗವನ್ನೂ 1995ರಲ್ಲಿಯೇ ಬೇರ್ಪಡಿಸಿ ತೋರಿಸಿದ್ದರು. ನಾನು ಅದನ್ನು ಓದಿಯೂ ಇದ್ದೆ ಎಂಬುದು ಇನ್ನೂ ನಾಚಿಕೆಯ ಸಂಗತಿ.

ಆದ್ದರಿಂದ ಎರಡರಲ್ಲಿ ಒಂದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರೇಡಿಯೊ ದತ್ತಾಂಶವನ್ನು ನೀವೇ ಸಂಸ್ಕರಿಸಬೇಕಾಗಿಲ್ಲ, ಪ್ರಕಟವಾದ ನಕ್ಷೆಯ ಸಮರೇಖೆಗಳನ್ನು (ಸಮಾನ ಪ್ರಕಾಶದ ಬಿಂದುಗಳನ್ನು ಸೇರಿಸುವ ಗೆರೆಗಳನ್ನು) ಎಕ್ಸ್-ಕಿರಣ ಚಿತ್ರದ ಮೇಲೆ ಹೊದಿಸಿದರೆ ಅಂಚನ್ನೂ ಒಳಭಾಗವನ್ನೂ ಎಲ್ಲಿ ಕತ್ತರಿಸಬೇಕೆಂಬುದು ತಿಳಿಯುತ್ತದೆ. ಆದರೆ ರೇಡಿಯೊ ರೋಹಿತದ ಸರಳರೇಖೆಯನ್ನು ಎಕ್ಸ್-ಕಿರಣದವರೆಗೆ ಹಾಗೆಯೇ ಎಳೆಯಬೇಡಿ: ರೇಡಿಯೊ ಹೊಮ್ಮಿಸುವವು ಕೆಲವು ಜಿಇವಿ (ಒಂದು ಜಿಇವಿ ಎಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಎಲೆಕ್ಟ್ರಾನ್‌ಗಳು, ಎಕ್ಸ್-ಕಿರಣಕ್ಕೆ ಹತ್ತಾರು ಟಿಇವಿ (ಒಂದು ಟಿಇವಿ ಎಂದರೆ ಸಾವಿರ ಜಿಇವಿ) ಶಕ್ತಿಯವು ಬೇಕು, ಅವು ಬೇಗನೆ ಶಕ್ತಿ ಕಳೆದುಕೊಳ್ಳುವುದರಿಂದ ರೋಹಿತ ನಡುವೆಯೇ ಬಾಗುತ್ತದೆ. ಕ್ಯಾಸಿಯೋಪಿಯಾ-ಎ ಎಂಬ ಇನ್ನೊಂದು ಸೂಪರ್‌ನೋವಾ ಅವಶೇಷವನ್ನು ಆರಿಸಿಕೊಂಡರೆ ರೇಖೆಗಳು ಪ್ರಬಲವಾಗಿರುತ್ತವೆ, ಆದರೂ ಹೊರಅಂಚಿನ ತೆಳು ಎಳೆಗಳನ್ನು ಪ್ರತ್ಯೇಕವಾಗಿ ತೆಗೆಯಿರಿ.

ನನ್ನ ಆ ಅಧ್ಯಾಯದಲ್ಲಿ ಕೊನೆಗೆ ಉಳಿದದ್ದು ದತ್ತಾಂಶವನ್ನು ಇಳಿಸಿಕೊಂಡ ಬಗೆಯನ್ನು ವಿವರಿಸುವ ಎರಡು ಪುಟ ಮಾತ್ರ.