ಆರಿಸಿದ್ದು ಅವರನ್ನು, ನಿಮ್ಮನ್ನಲ್ಲ

ಓದುಗರ ಪತ್ರ:

ಸಂಪಾದಕರೇ, 7 ತಿಂಗಳ ಹಿಂದೆ ನನ್ನ ಗಂಡನನ್ನು ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಹಿರಿಯರಾಗಿ ಆರಿಸಿದರು. ಆವತ್ತು ಎಲ್ಲರೂ ಬಂದು ನನ್ನ ಕೈಯನ್ನೂ ಕುಲುಕಿದರು. ಈಗ ಮನೆಯಲ್ಲಿ ಫೋನ್ ನಿಲ್ಲುವುದಿಲ್ಲ. ಹಿರಿಯರ ಮೀಟಿಂಗ್ ಮುಗಿಸಿ ಬಂದರೆ ಇವರು ಬಾಯಿ ಬಿಡುವುದಿಲ್ಲ. ಆರಾಧನೆ ಮುಗಿದ ಮೇಲೆ ಹೆಂಗಸರು ಸುತ್ತ ಸೇರಿ "ಏನಾಯ್ತಂತೆ?" ಎನ್ನುತ್ತಾರೆ. ಗೊತ್ತಿಲ್ಲ ಅಂದರೆ ನಂಬುವುದಿಲ್ಲ. ಭಾನುವಾರಶಾಲೆ, ಸ್ತ್ರೀಯರ ಕೂಟ ಎರಡೂ ನನ್ನ ತಲೆಗೇ ಬಂದಿವೆ. ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಇವರು ರಾಜೀನಾಮೆ ಕೊಟ್ಟುಬಿಡಲಾ?
ತಾ.ಕ.: ಹಿರಿಯರ ಹೆಂಡತಿ ಮುಂದಿನ ಸಾಲಿನಲ್ಲೇ ಕೂರಬೇಕಾ?
— ಒಬ್ಬ ಸಹೋದರಿ

ಸಂಪಾದಕರ ಉತ್ತರ:

ಸಹೋದರಿ,

ನಿಮ್ಮ ಪತ್ರವನ್ನು ನಮ್ಮ ಮನೆಯಲ್ಲಿ ಇಬ್ಬರೂ ಓದಿದೆವು. ನಾನೂ 11 ವರ್ಷ ಸಭೆಯ ಹಿರಿಯನಾಗಿದ್ದವನು. ನನ್ನ ಹೆಂಡತಿ ಓದಿ ಮುಗಿಸಿ, "ಏಳೇ ತಿಂಗಳಿಗೆ ಬಾಯಿಬಿಟ್ಟು ಕೇಳಿದ್ದಾರಲ್ಲ, ಜಾಣೆ. ನನಗೆ ನಾಲ್ಕು ವರ್ಷ ಬೇಕಾಯ್ತು" ಎಂದಳು. ಹಾಗಾಗಿ ಈ ಉತ್ತರದಲ್ಲಿ ಅರ್ಧ ಅವಳದ್ದು.

ಸಭೆ ಆರಿಸಿದ್ದು ನಿಮ್ಮ ಗಂಡನನ್ನು. ಹಿರಿಯ ಹೇಗಿರಬೇಕು ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲ ಎರಡು ಕಡೆ ಬರೆದಿದ್ದಾನೆ: 1 ತಿಮೊಥೆಯ 3ರ ಮೊದಲ ಏಳು ವಚನ, ತೀತ 1ರ 5ರಿಂದ 9. ಒಮ್ಮೆ ನಿಧಾನವಾಗಿ ಓದಿ. ಕುಡುಕನಾಗಿರಬಾರದು, ಜಗಳಗಂಟನಾಗಿರಬಾರದು, ಹಣದಾಸೆ ಇರಬಾರದು, ಮನೆಯನ್ನು ಚೆನ್ನಾಗಿ ನಡೆಸಬೇಕು. ಹಿರಿಯನ ಹೆಂಡತಿ ಸ್ತ್ರೀಯರ ಕೂಟ ನಡೆಸಬೇಕು ಅಂತ ಒಂದಕ್ಷರವೂ ಇಲ್ಲ. ತಿಮೊಥೆಯನಿಗೆ ಬರೆದ ಪತ್ರದ ಅದೇ ಅಧ್ಯಾಯದ 11ನೇ ವಚನದಲ್ಲಿ ಹೆಂಗಸರ ಮಾತು ಬರುತ್ತದೆ, ನಿಜ. ಆದರೆ ಅದು ಬರುವುದು ಸಭಾಸೇವಕರ (ಡೀಕನ್‌ಗಳ) ಭಾಗದಲ್ಲಿ. ಅಲ್ಲಿರುವ ಗ್ರೀಕ್ ಪದಕ್ಕೆ ಹೆಂಗಸು ಅಂತಲೂ ಅರ್ಥ, ಹೆಂಡತಿ ಅಂತಲೂ ಅರ್ಥ. ಪಂಡಿತರು ಇವತ್ತಿಗೂ ಅದರ ಮೇಲೆ ವಾದ ಮಾಡುತ್ತಾರೆ. ಮಾಡಲಿ ಬಿಡಿ. ಯಾವ ಅರ್ಥ ಹಿಡಿದರೂ ಅಲ್ಲಿ ಕೇಳಿರುವುದು ಗುಣ: ಚಾಡಿ ಹೇಳಬಾರದು, ನಂಬಿಕೆಗೆ ಅರ್ಹರಾಗಿರಬೇಕು. ಇಂಥಿಂಥ ಕೆಲಸ ಮಾಡಬೇಕು ಅಂತ ಹೇಳಿಲ್ಲ.

ಹಿರಿಯನ ಅರ್ಹತೆಗಳಲ್ಲಿ ಅತಿಥಿಸತ್ಕಾರವೂ ಇದೆ. ಅದು ಅವನ ಅರ್ಹತೆ, ನೆನಪಿರಲಿ. ಅವನು ಜನರನ್ನು ಕರೆದು ತರುವುದು, ಇವಳು ಪಾತ್ರೆ ತೊಳೆಯುವುದು ಅಂತಲ್ಲ. (ಇದು ನನ್ನ ಹೆಂಡತಿಯ ವ್ಯಾಖ್ಯಾನ. ನಾನು ಸುಮ್ನೆ ಬರೆದುಕೊಂಡೆ.)

ಆದ್ದರಿಂದ ಭಾನುವಾರಶಾಲೆ, ಸ್ತ್ರೀಯರ ಕೂಟದ ವಿಷಯದಲ್ಲಿ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಗಂಡ ಹಿರಿಯರಾಗದಿದ್ದರೂ ಇದನ್ನು ಮಾಡುತ್ತಿದ್ದೆನಾ? ಹೌದು ಅನ್ನಿಸಿದ್ದನ್ನು ಇಟ್ಟುಕೊಳ್ಳಿ. ಇನ್ನೊಂದಕ್ಕೆ ತಾರೀಕು ಹಾಕಿ. "ಇಂಥ ದಿನದವರೆಗೆ ಮಾಡುತ್ತೇನೆ, ಅಷ್ಟರಲ್ಲಿ ಬೇರೆಯವರನ್ನು ನೋಡಿ" ಅಂತ ನೀವೇ ಹೇಳಿ. ಗಂಡನ ಕೈಲಿ ಹೇಳಿಸಬೇಡಿ. ಹೇಳಿಸಿದರೆ ಅದು ಹಿರಿಯರ ಮೀಟಿಂಗಿನ ವಿಷಯವಾಗಿಬಿಡುತ್ತದೆ.

ಇನ್ನು ಮೀಟಿಂಗ್ ಮುಗಿಸಿ ಬಂದವರ ಮೌನ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ತಪ್ಪು ಮಾಡಿದವನು ನಾನೇ.

ಒಂದು ರಾತ್ರಿ, ಸಭೆಯವರೊಬ್ಬರ ಮೇಲೆ ಬಂದ ದೂರಿನ ಬಗ್ಗೆ ಮೂರು ಗಂಟೆ ಮಾತಾಡಿ ಮನೆಗೆ ಬಂದೆ. ಒಳಗೆ ಹೋಗಲು ಮನಸ್ಸಾಗದೆ ಚಪ್ಪಲಿ ಹಾಕಿಕೊಂಡೇ ಮೆಟ್ಟಿಲ ಮೇಲೆ ಕೂತೆ. ಅವಳು ಊಟಕ್ಕೆ ಕಾಯುತ್ತಿದ್ದಳು. ಬಾಗಿಲಿಗೆ ಬಂದು "ಏನಾಯ್ತು?" ಅಂದಳು. "ಏನಿಲ್ಲ" ಅಂದೆ. ಆ "ಏನಿಲ್ಲ" ಎರಡು ವಾರ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿತು. ದೂರು ಬಂದಿರುವುದು ನನ್ನ ಮೇಲೇ ಅಂತ ಅವಳು ಅಂದುಕೊಂಡಿದ್ದಳು. ರಾತ್ರಿ ನಿದ್ದೆ ಇಲ್ಲ. ನಾನೋ, ಗುಟ್ಟನ್ನು ಎಷ್ಟು ಚೆನ್ನಾಗಿ ಕಾಪಾಡಿದೆ ಅಂತ ಒಳಗೊಳಗೇ ಬೀಗುತ್ತಿದ್ದೆ.

ಆಮೇಲೆ ಕಲಿತ ಮಾತುಗಳು ಇವು: "ಹೆಸರು ಹೇಳಲಾರೆ. ಕಷ್ಟದ ವಿಷಯ. ನಮ್ಮ ಮನೆಗೆ ಸಂಬಂಧಿಸಿದ್ದಲ್ಲ. ನನಗೆ ಮನಸ್ಸು ಭಾರವಾಗಿದೆ. ನಾಳೆ ಸಂಜೆ ಮತ್ತೆ ಹೋಗಬೇಕು." ಅಷ್ಟೇ. ಯಾರ ಗುಟ್ಟೂ ಹೊರಗೆ ಬರಲಿಲ್ಲ, ಅವಳೂ ಹೊರಗಿನವಳಾಗಲಿಲ್ಲ. ಪ್ರಾರ್ಥನೆ ಮಾಡಲು ಅವಳಿಗೆ ಅಷ್ಟು ಸಾಕಾಗುತ್ತಿತ್ತು.

ಹಿರಿಯರೆಲ್ಲ ಸೇರಿ ಇನ್ನೊಂದು ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ಮೀಟಿಂಗಿನ ಕೊನೆಯ ಐದು ನಿಮಿಷ, ಇವತ್ತಿನ ಯಾವ ವಿಷಯ ಮನೆಯಲ್ಲಿ ಹೇಳಬಹುದು, ಯಾವುದು ಹೇಳಬಾರದು ಅಂತ ಒಟ್ಟಿಗೇ ತೀರ್ಮಾನ ಮಾಡುವುದು. ಇಲ್ಲದಿದ್ದರೆ ಒಬ್ಬರು ಹೆಂಡತಿಗೆ ಎಲ್ಲ ಹೇಳುತ್ತಾರೆ, ಇನ್ನೊಬ್ಬರು ಏನೂ ಹೇಳುವುದಿಲ್ಲ. ಏನೂ ಗೊತ್ತಿಲ್ಲದ ಹೆಂಡತಿ ಎಲ್ಲ ಗೊತ್ತಿರುವ ಹೆಂಡತಿಯ ಬಾಯಿಂದ ಸುದ್ದಿ ಕೇಳಬೇಕಾಗುತ್ತದೆ. ಆಗ ಆಗುವ ಅವಮಾನ ಇದೆಯಲ್ಲ, ಅದನ್ನು ನನ್ನವಳು ಇನ್ನೂ ಮರೆತಿಲ್ಲ.

ಆರಾಧನೆ ಮುಗಿದ ಮೇಲೆ ಸುತ್ತುವರಿಯುವವರಿಗೆ ಏನು ಹೇಳುವುದು? ಗಂಡ ಬಾಯಿ ಬಿಡುವುದಿಲ್ಲ ಅಂತ ನಿಮಗೆ ಬೇಜಾರು. ಆದರೆ ಈ ಜಾಗದಲ್ಲಿ ಅದೇ ನಿಮ್ಮನ್ನು ಕಾಪಾಡುವುದು. "ನನಗೆ ಗೊತ್ತಿಲ್ಲ, ನಾನು ಕೇಳುವುದೂ ಇಲ್ಲ. ಹಿರಿಯರನ್ನೇ ಕೇಳಿ" ಅನ್ನಿ. ಮೊದಲ ಎರಡು ತಿಂಗಳು ನಂಬುವುದಿಲ್ಲ. ಆಮೇಲೆ ಕೇಳುವುದನ್ನೇ ಬಿಡುತ್ತಾರೆ. ಇನ್ನೊಂದು ಜಾತಿಯ ಪ್ರಶ್ನೆ ಇದೆ: "ಅಕ್ಕಾ, ಪ್ರಾರ್ಥನೆ ಮಾಡೋಕೆ ಅಂತ ಕೇಳ್ತಿದ್ದೀನಿ ಅಷ್ಟೇ." ಅದಕ್ಕೆ ನನ್ನ ಹೆಂಡತಿ, "ಬನ್ನಿ, ಈಗಲೇ ಪ್ರಾರ್ಥನೆ ಮಾಡೋಣ, ವಿವರ ದೇವರಿಗೆ ಗೊತ್ತಿದೆ" ಅಂತ ಅಲ್ಲೇ ಕಣ್ಣು ಮುಚ್ಚುತ್ತಿದ್ದಳು. ಅರ್ಧ ಜನ ಜಾಗ ಖಾಲಿ ಮಾಡುತ್ತಿದ್ದರು. ಇನ್ಯಾರದೋ ಮೇಲೆ ದೂರು ಹೇಳಲು ಬಂದವರಿಗೆ ಮತ್ತಾಯ 18:15 ಇದೆ: ಮೊದಲು ಅವರೊಬ್ಬರ ಹತ್ತಿರವೇ ಹೋಗಿ ಮಾತಾಡಿದ್ರಾ?

"ನಿಮ್ಮ ಗಂಡನಿಗೆ ಹೇಳಬೇಡಿ" ಅಂತ ಶುರು ಮಾಡುವವರೂ ಬರುತ್ತಾರೆ. ಕೇಳುವ ಮೊದಲು ಮಾತು ಕೊಡಬೇಡಿ. "ಕೇಳುತ್ತೇನೆ, ಆಮೇಲೆ ನೋಡೋಣ" ಅನ್ನಿ. ಹೆಂಡತಿಯನ್ನು ಹೊಡೆಯುವ ಗಂಡ, ಮಗುವಿಗೆ ಕೆಟ್ಟದ್ದು ಮಾಡುತ್ತಿರುವ ದೊಡ್ಡವರು, ಇಂಥವು ಗುಟ್ಟಾಗಿ ಇಡುವ ವಿಷಯಗಳೇ ಅಲ್ಲ. ಹಿರಿಯರು ಕೂತು ರಾಜಿ ಮಾಡಿಸುವ ವಿಷಯವೂ ಅಲ್ಲ. ಮೊದಲು ಆ ಜೀವವನ್ನು ಸುರಕ್ಷಿತ ಜಾಗಕ್ಕೆ ಸೇರಿಸಬೇಕು, ಪೊಲೀಸರಿಗೆ ತಿಳಿಸಬೇಕು. ಸಭೆಯ ಹೆಸರು ಕೆಡುತ್ತದೆ ಅಂತ ಯಾರಾದರೂ ಹಿಂಜರಿದರೆ ಅವರ ಮಾತು ಕೇಳಬೇಡಿ.

ಈಗಿನ ಪ್ಯಾರಾವನ್ನು ನಿಮ್ಮ ಗಂಡನಿಗೆ ಓದಿಸಿ. ಸಹೋದರರೇ, ಅಪೊಸ್ತಲರ ಕೃತ್ಯಗಳು 20ರಲ್ಲಿ ಪೌಲ ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿ ಮಾತಾಡುತ್ತಾನೆ. 28ನೇ ವಚನದಲ್ಲಿ ಅವನು ಮೊದಲು ಹೇಳುವುದು ನಿಮ್ಮ ವಿಷಯದಲ್ಲಿ ಎಚ್ಚರವಾಗಿರಿ ಅಂತ. ಆಮೇಲೆ ಹಿಂಡಿನ ವಿಷಯ. ನಿಮ್ಮ ಹೆಂಡತಿಯೂ ಆ ಹಿಂಡಿನಲ್ಲಿ ಒಬ್ಬಳು, ಅಲ್ವಾ? ಊರವರ ಕಷ್ಟಕ್ಕೆಲ್ಲ ನೀವಿದ್ದೀರಿ. ಅವಳಿಗೆ ನೀವು ಗಂಡ. ಹಾಗಾದರೆ ಅವಳ ಹಿರಿಯ ಯಾರು? ನಿಮ್ಮ ಮೇಲೇ ಅವಳಿಗೆ ದೂರಿದ್ದರೆ ಯಾರ ಹತ್ತಿರ ಹೋಗಬೇಕು? ಇನ್ನೊಬ್ಬ ಹಿರಿಯರಿಗೆ ಈ ಜವಾಬ್ದಾರಿ ಒಪ್ಪಿಸಿ, ಅವಳಿಗೂ ಹೇಳಿ. ಊಟದ ಹೊತ್ತಿಗೆ ಫೋನನ್ನು ಬೇರೆ ಕೋಣೆಯಲ್ಲಿಡಿ. ಒಂಟಿ ಹೆಂಗಸಿನ ಮನೆಗೆ ಹೋಗಬೇಕಾದಾಗ ಒಬ್ಬರೇ ಹೋಗಬೇಡಿ. ಹೆಂಡತಿಯನ್ನು ಕರೆಯಿರಿ, ಅವಳಿಗೆ ಆಗದಿದ್ದರೆ ಇನ್ನೊಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ.

ಸಹೋದರಿ, ಯಾರ ಹತ್ತಿರ ಹೇಳಿಕೊಳ್ಳಲಿ ಅಂತ ಕೇಳಿದಿರಿ. ತೀತ 2ರಲ್ಲಿ ವಯಸ್ಸಾದ ಹೆಂಗಸರು ಚಿಕ್ಕವರಿಗೆ ಕಲಿಸಬೇಕು ಅಂತಿದೆ. ಅಂಥ ಒಬ್ಬರನ್ನು ಹುಡುಕಿ. ಸಾಧ್ಯವಾದರೆ ನಿಮ್ಮ ಸಭೆಯ ಹೊರಗೆ ಹುಡುಕಿ, ಆಗ ನೀವು ಯಾರ ಹೆಸರೂ ಎತ್ತದೆ ನಿಮ್ಮ ದಣಿವಿನ ಬಗ್ಗೆ ಮಾತ್ರ ಮಾತಾಡಬಹುದು. ಯಾರಾದರೂ ಹಳೇ ಹಿರಿಯರ ಹೆಂಡತಿಯಾದರೆ ಇನ್ನೂ ವಾಸಿ. ಎರಡು ಮಾತು ಕೇಳುವಷ್ಟರಲ್ಲಿ ಉಳಿದದ್ದು ಅವರಿಗೆ ಅರ್ಥವಾಗುತ್ತದೆ.

ರಾಜೀನಾಮೆ? ತೀರಾ ದಣಿದ ತಿಂಗಳಲ್ಲಿ ಆ ತೀರ್ಮಾನ ಬೇಡ. ವಿಮೋಚನಕಾಂಡ 18ರಲ್ಲಿ ಇಸ್ರಾಯೇಲರ ನಾಯಕ ಮೋಶೆ ಬೆಳಗಿನಿಂದ ಸಂಜೆವರೆಗೆ ಜನರ ನ್ಯಾಯ ತೀರಿಸುತ್ತಾ ಕೂತಿರುತ್ತಾನೆ. ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಅಂತ ಮಾವ ಇತ್ರೋ ಹೇಳುತ್ತಾನೆ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸು ಅನ್ನುತ್ತಾನೆ. ಈ ಕಥೆ ಎಲ್ಲ ಉಪದೇಶಗಳಲ್ಲೂ ಬರುತ್ತದೆ. ಆದರೆ ಆ ಅಧ್ಯಾಯದ ಶುರುವನ್ನು ಯಾರೂ ಓದುವುದಿಲ್ಲ. ಇತ್ರೋ ಬರಿಗೈಲಿ ಬಂದಿರಲಿಲ್ಲ. ಮೋಶೆ ತವರಿಗೆ ಕಳುಹಿಸಿದ್ದ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಜೊತೆಗೆ ಕರೆತಂದಿದ್ದ. ಕೆಲಸ ಹಂಚು ಅಂತ ಹೇಳಿದ್ದು ಮರುದಿನ.

ಹಂಚಿದ ಮೇಲೂ ಆಗದಿದ್ದರೆ ಬಿಡಬಹುದು. ಹಿರಿಯತನ ಸಾಯುವ ತನಕ ಹೊರಲೇಬೇಕಾದ ಹೊರೆಯೇನಲ್ಲ. 1541ರಲ್ಲಿ ಜಿನೀವಾದಲ್ಲಿ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ರೂಪಿಸಿದ ಸಭಾ ನಿಯಮಗಳಲ್ಲಿ ಹಿರಿಯರು 12 ಮಂದಿ. ವರ್ಷ ತುಂಬಿದಾಗ ಯಾರನ್ನು ಮುಂದುವರಿಸಬೇಕು, ಯಾರನ್ನು ಬದಲಿಸಬೇಕು ಅಂತ ನೋಡುತ್ತಿದ್ದರು. ಇವತ್ತಿಗೂ ಎಷ್ಟೋ ಸಭೆಗಳಲ್ಲಿ ಹಿರಿಯರಿಗೆ ಅವಧಿ ಇದೆ. ನಿಮ್ಮಲ್ಲಿ ಇಲ್ಲದಿದ್ದರೆ ನಿಮ್ಮ ಗಂಡ ಕೇಳಲಿ. ಅಪೊಸ್ತಲ ಪೇತ್ರ ಹಿರಿಯರಿಗೆ ಬರೆಯುವಾಗ ಬಲವಂತದಿಂದ ಬೇಡ, ಇಷ್ಟಪಟ್ಟು ಮಾಡಿ ಅನ್ನುತ್ತಾನೆ. ಆ ಇಷ್ಟ ಇನ್ನೂ ಉಳಿದಿದೆಯಾ ಅಂತ ಒಂದು ಸಂಜೆ ಇಬ್ಬರೂ ಕೂತು ಮಾತಾಡಿ. ಫೋನ್ ಬೇರೆ ಕೋಣೆಯಲ್ಲಿರಲಿ.

ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿಯ ಹೆಸರು ಹೊಸ ಒಡಂಬಡಿಕೆಯಲ್ಲಿ ಆರು ಕಡೆ ಬರುತ್ತದೆ. ಆರೂ ಕಡೆ ಜೊತೆಯಾಗಿಯೇ. ಗುಡಾರ ಹೊಲಿದದ್ದು ಇಬ್ಬರೂ, ಅಪೊಲ್ಲೋಸನೆಂಬ ಬೋಧಕನನ್ನು ಕರೆದುಕೊಂಡು ಹೋಗಿ ತಿಳಿಹೇಳಿದ್ದೂ ಇಬ್ಬರೂ. ಅವರಿಗೆ ಯಾವ ಪದವಿ ಇತ್ತು ಅಂತ ಎಲ್ಲೂ ಬರೆದಿಲ್ಲ. ನಿಮ್ಮ ಪತ್ರ ಓದುವಾಗ ನನ್ನ ಹೆಂಡತಿಗೆ ಮೊದಲು ನೆನಪಾದದ್ದು ಇವರೇ.

ಇನ್ನು ನಿಮ್ಮ ತಾ.ಕ. ಹಿಂದಿನ ಬೆಂಚಿನಲ್ಲೇ ಕೂತುಕೊಳ್ಳಿ. ನನ್ನ ಹೆಂಡತಿ 11 ವರ್ಷವೂ ಬಾಗಿಲ ಹತ್ತಿರವೇ ಕೂತಳು. ತಡವಾಗಿ ಬಂದವರು, ಅಳುತ್ತಾ ಎದ್ದು ಹೋದವರು ಎಲ್ಲರೂ ಅವಳಿಗೆ ಕಾಣುತ್ತಿದ್ದರು. ಮುಂದೆ ಕೂತ ನನಗೆ ಕಾಣುತ್ತಿದ್ದದ್ದು ಪಾಸ್ಟರ್ ಒಬ್ಬರೇ.