ಕನ್ನಡದಲ್ಲಿ ಯೋಚಿಸಿದರೆ ಇಂಗ್ಲಿಷ್ ಕೆಡುತ್ತದಾ?

ಓದುಗರ ಪತ್ರ: ಇಂಗ್ಲಿಷ್ ವ್ಯಾಕರಣದ ಪುಸ್ತಕವನ್ನು ಮೂರು ಸಲ ಓದಿ ಮುಗಿಸಿದ್ದೇನೆ. ಹನ್ನೆರಡು ಟೆನ್ಸ್‌ಗಳೂ ಬಾಯಿಪಾಠ. ಆದರೂ ನಾಲ್ಕು ಸಾಲು ಬರೆಯಲು ಕೂತರೆ ‘ಎ’ ಎಲ್ಲಿ, ‘ದ’ ಎಲ್ಲಿ ಅಂತ ತಿಳಿಯುವುದಿಲ್ಲ. ‘ಐ ಆ್ಯಮ್ ನೋಯಿಂಗ್’ ಅಂದರೆ ಜನ ನಗುತ್ತಾರೆ. ಕನ್ನಡದಲ್ಲಿ ಯೋಚಿಸುವುದನ್ನು ಬಿಟ್ಟರೆ ಮಾತ್ರ ಇಂಗ್ಲಿಷ್ ಬರುತ್ತದೆ ಅನ್ನುತ್ತಾರೆ. ನಿಜವೇ? ದಿನಕ್ಕೆ ಹತ್ತು ಪದ ಡಿಕ್ಷನರಿ ನೋಡಿ ಕಲಿಯುತ್ತಿದ್ದೇನೆ. ಅದಾದರೂ ಸರಿಯೇ?

ಸಂಪಾದಕರ ಉತ್ತರ: ಕನ್ನಡದಲ್ಲಿ ಯೋಚಿಸಬೇಡ ಅಂತ ನನಗೂ ಹೇಳಿದ್ದರು. ಬಾಗಿಲ ಹೊರಗೆ ಬಿಟ್ಟು ಬರೋದಕ್ಕೆ ಅದೇನು ಚಪ್ಪಲಿಯೇ? ಬಿಡಬೇಡಿ. ಬದಲಿಗೆ, ನೀವಾಡುವ ಕನ್ನಡವನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿ.

‘ದಾರಿಯಲ್ಲಿ ಒಂದು ನಾಯಿ ಸಿಕ್ಕಿತು. ಆ ನಾಯಿ ಕುಂಟುತ್ತಿತ್ತು.’ ಎರಡನೇ ವಾಕ್ಯದಲ್ಲೂ ‘ಒಂದು ನಾಯಿ’ ಅಂದು ನೋಡಿ. ಕೇಳಿದವರು ‘ಇನ್ನೊಂದು ನಾಯೀನಾ?’ ಅಂತಾರೆ. ಕೇಳುವವರಿಗೆ ಹೊಸದಾದರೆ ‘ಒಂದು’, ಪರಿಚಯವಾದ ಮೇಲೆ ‘ಆ’. ಇದನ್ನು ನಿಮಗೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ತಪ್ಪುವುದಿಲ್ಲ. ಇಂಗ್ಲಿಷಿನ ‘ಎ’, ‘ದ’ ಮಾಡುವ ಕೆಲಸವೂ ಇದೇ. ಅವುಗಳ ಹುಟ್ಟೂ ಹಾಗೇ ಇದೆ. ‘ಎ’, ‘ಆ್ಯನ್’ ಬಂದದ್ದು ‘ಒಂದು’ ಅನ್ನುವ ಅರ್ಥದ ಹಳೆಯ ಪದದಿಂದ. ‘ದ’ ಬಂದದ್ದು ‘ಆ, ಅದು’ ಅಂತ ತೋರಿಸುವ ಪದದಿಂದ.

ಇನ್ನೂ ಒಂದಿದೆ. ‘ಪುಸ್ತಕ ತಂದಿದ್ದೇನೆ’ ಅಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ತಂದಿದ್ದೇನೆ’ ಅಂದರೆ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದ ಪುಸ್ತಕ. ಆ ಪುಟ್ಟ ‘ಅನ್ನು’ ಎಷ್ಟೋ ಸಲ ‘ದ’ದ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿರುತ್ತದೆ.

ಹಾಗಾದರೆ ತಪ್ಪುವುದೆಲ್ಲಿ? ಕನ್ನಡ ಸುಮ್ನಿರುವ ಕಡೆ. ‘ಬಾಗಿಲು ಹಾಕು’ ಅನ್ನುತ್ತೇವೆ. ಯಾವ ಬಾಗಿಲು ಅಂತ ಇಬ್ಬರಿಗೂ ಗೊತ್ತು, ಅದಕ್ಕೇ ‘ಆ’ ಬೇಡ. ಇಂಗ್ಲಿಷಿನಲ್ಲಿ ಇಬ್ಬರಿಗೂ ಗೊತ್ತು ಅನ್ನುವ ಕಾರಣಕ್ಕೇ ‘ಶಟ್ ದ ಡೋರ್’ ಆಗಬೇಕು. ‘ಅವರು ಡಾಕ್ಟರ್’ ಅಂದರೆ ನಮಗೆ ಸಾಕು, ‘ಅವರು ಒಬ್ಬ ಡಾಕ್ಟರ್’ ಅಂದರೆ ಭಾಷಣ ಶುರುವಾದ ಹಾಗಿರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ‘ಶಿ ಈಸ್ ಎ ಡಾಕ್ಟರ್’. ನಮಗೆ ಬರುವ ಇಂಗ್ಲಿಷ್ ಬರಹಗಳಲ್ಲಿ ಜಾಸ್ತಿ ಬಿಟ್ಟುಹೋಗುವುದು ಈ ‘ಎ’ಯೇ. ಆದ್ದರಿಂದ ಒಂದು ಹೆಸರುಪದ ಬರೆದ ಕೂಡಲೇ ಎದುರಿನವರ ಜಾಗದಲ್ಲಿ ನಿಂತು ‘ಯಾವುದು?’ ಅಂತ ಕೇಳಿಕೊಳ್ಳಿ. ಉತ್ತರ ಅವರಿಗೆ ಮೊದಲೇ ಗೊತ್ತಿದ್ದರೆ ‘ದ’ ಹಾಕಿ.

ಕನ್ನಡ ಕೈಕೊಡುವ ಜಾಗವೂ ಇದೆ, ಮುಚ್ಚಿಡುವುದಿಲ್ಲ. ನಾವು ಒಂದು ಸಲಹೆ, ಎರಡು ಸಲಹೆ ಅಂತ ಎಣಿಸುತ್ತೇವೆ. ಇಂಗ್ಲಿಷಿಗೆ ‘ಅಡ್ವೈಸ್’ ನೀರಿದ್ದ ಹಾಗೆ, ಎಣಿಸುವಂತಿಲ್ಲ. ‘ಇನ್ಫರ್ಮೇಶನ್’, ‘ಫರ್ನಿಚರ್’, ‘ಲಗೇಜ್’ ಕೂಡ ಅದೇ ಜಾತಿ. ‘ಆ್ಯನ್ ಅಡ್ವೈಸ್’ ಅಂತ ನಾನು ವರ್ಷಗಟ್ಟಲೆ ಧೈರ್ಯವಾಗಿ ಬರೆದಿದ್ದೇನೆ. ಇವನ್ನು ಒಂದೊಂದಾಗಿ ನೆನಪಿಡದೆ ಬೇರೆ ದಾರಿ ಇಲ್ಲ.

‘ಎ’ಯೋ ‘ಆ್ಯನ್’ಓ ಅನ್ನುವುದು ಕಿವಿಯ ಲೆಕ್ಕ, ಅಕ್ಷರದ್ದಲ್ಲ. ‘ಎ ಯೂನಿವರ್ಸಿಟಿ’, ‘ಆ್ಯನ್ ಅವರ್’. ಇದರಲ್ಲಿ ಇಂಗ್ಲಿಷಿನವರೇ ಎಡವಿದ್ದಾರೆ. ‘ಏಪ್ರನ್’ ಹಿಂದೆ ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಅಂದದ್ದು ‘ಆ್ಯನ್ ಏಪ್ರನ್’ ಅಂತ ಕೇಳಿಸಿ, ಪದ ತನ್ನ ತಲೆಯನ್ನೇ ಕಳೆದುಕೊಂಡಿತು. ‘ನಿಕ್‌ನೇಮ್’ ಕಥೆ ಇದರ ಉಲ್ಟಾ. ‘ಆ್ಯನ್ ಈಕ್‌ನೇಮ್’ನಿಂದ ಒಂದು ನಕಾರ ಕದ್ದು ಬೆಳೆದದ್ದು ಅದು.

ಈಗ ‘ಐ ಆ್ಯಮ್ ನೋಯಿಂಗ್’. ಇದು ತಪ್ಪು ಅಂತ ನಿಮ್ಮ ಕನ್ನಡವೇ ಹೇಳುತ್ತಿದೆ. ‘ನನಗೆ ಗೊತ್ತು’ ಅನ್ನುತ್ತೇವೆ. ಅದರಲ್ಲಿ ‘ಮಾಡುತ್ತಿದ್ದೇನೆ’ ಅನ್ನುವ ಕೆಲಸ ಎಲ್ಲಿದೆ? ನನಗೆ ಬೇಕು, ನನಗೆ ಇಷ್ಟ, ನನಗೆ ನೆನಪಿದೆ, ನನಗೆ ಇಬ್ಬರು ಮಕ್ಕಳಿದ್ದಾರೆ. ಇವೆಲ್ಲ ಇರುವ ಸ್ಥಿತಿ. ಇಂಗ್ಲಿಷಿನಲ್ಲೂ ಅಲ್ಲಿ ‘ಇಂಗ್’ ಸಾಮಾನ್ಯವಾಗಿ ಬರುವುದಿಲ್ಲ. ‘ಐ ವಾಂಟ್’, ‘ಐ ಲೈಕ್’, ‘ಐ ರಿಮೆಂಬರ್’, ‘ಐ ಹ್ಯಾವ್ ಟು ಚಿಲ್ಡ್ರನ್’. ಅದೇ ‘ಊಟ ಮಾಡುತ್ತಿದ್ದೇನೆ’ ಅಂದರೆ ಕೆಲಸ ನಡೆಯುತ್ತಿದೆ, ಆಗ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿ. ‘ನನಗೆ ಹಾಗನ್ನಿಸುತ್ತದೆ’ ಅಂದರೆ ‘ಐ ಥಿಂಕ್ ಸೋ’, ‘ನಾನು ಯೋಚನೆ ಮಾಡುತ್ತಿದ್ದೇನೆ’ ಅಂದರೆ ‘ಐ ಆ್ಯಮ್ ಥಿಂಕಿಂಗ್’. ಎಷ್ಟು ಚೆನ್ನಾಗಿ ಕೂರುತ್ತದೆ ಅಲ್ವಾ? ‘ನನಗೆ’ ಬಂದ ಕಡೆಯೆಲ್ಲ ಇದು ನಡೆಯುತ್ತದೆ ಅಂದುಕೊಳ್ಳಬೇಡಿ. ‘ನನಗೆ ಚಳಿಯಾಗುತ್ತಿದೆ’ ಅನ್ನುವುದಕ್ಕೆ ‘ಐ ಆ್ಯಮ್ ಫೀಲಿಂಗ್ ಕೋಲ್ಡ್’ ಅನ್ನಬಹುದು. ಆದರೆ ಅಲ್ಲಿ ಕನ್ನಡದಲ್ಲೂ ‘ಆಗುತ್ತಿದೆ’ ಬಂದಿದೆ, ನೋಡಿ.

ಡಿಕ್ಷನರಿಯ ಹತ್ತು ಪದ ಬಿಟ್ಟುಬಿಡಿ. ಸಿ. ಕೆ. ಆಗ್ಡನ್ ಎಂಬ ಇಂಗ್ಲಿಷ್ ವಿದ್ವಾಂಸರು 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಅಂತ 850 ಪದಗಳ ಪಟ್ಟಿ ಹೊರತಂದರು. ಅದರಲ್ಲಿ ಕ್ರಿಯಾಪದಗಳು ಬರೀ 18. ಅಷ್ಟರಲ್ಲೇ ಎಲ್ಲ ಹೇಳುವುದು ಕಷ್ಟವೇ. ಆದರೂ ‘ಗೆಟ್’, ‘ಟೇಕ್’, ‘ಮೇಕ್’, ‘ಪುಟ್’ ಎಷ್ಟು ಭಾರ ಹೊರುತ್ತವೆ ಅನ್ನುವುದು ಆ ಪಟ್ಟಿ ನೋಡಿದರೆ ತಿಳಿಯುತ್ತದೆ. ಅವನ್ನು ಜೊತೆಗಾರರ ಸಮೇತ ಕಲಿಯಿರಿ. ‘ಫೋಟೋ ತೆಗೆ’, ‘ಟೇಕ್ ಎ ಫೋಟೋ’ ಒಂದೇ ದಾರಿಯಲ್ಲಿವೆ, ಚಿಂತೆಯಿಲ್ಲ. ನಮ್ಮ ‘ಮಾಡು’ ಬಗ್ಗೆ ಮಾತ್ರ ಹುಷಾರು. ತಪ್ಪು ಮಾಡಿದರೆ ‘ಮೇಕ್ ಎ ಮಿಸ್ಟೇಕ್’, ಹೋಮ್‌ವರ್ಕ್ ಮಾಡಿದರೆ ‘ಡೂ’.

ನಾಳೆ ಹತ್ತು ಪದದ ಬದಲು ‘ಗೆಟ್’ ಒಂದನ್ನೇ ಹಿಡಿದು ಹತ್ತು ವಾಕ್ಯ ಬರೆಯಿರಿ. ಬೇಕಾದರೆ ನಮಗೂ ಕಳಿಸಿ. ‘ದ’ಗಳನ್ನು ನಾನೇ ಎಣಿಸುತ್ತೇನೆ.