ಮನೆಯಲ್ಲಿ ಮಾರ್ಗರಿಟಾಗೆ ಏಷ್ಯಾದ ರುಚಿ ಕೊಡುವುದು ಹೇಗೆ? ಲಿಚಿ ಸಿರಪ್ ಹಾಕಿದೆ, ಶರಬತ್ತಿನ ಹಾಗಾಯಿತು

ನೀವು ಬರೆದಿರುವುದನ್ನು ನೋಡಿದರೆ ತೊಂದರೆ ಲಿಚಿಯದ್ದಲ್ಲ. ಟ್ರಿಪಲ್ ಸೆಕ್ ಎಂಬ ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ ಹಾಕಿದ್ದೀರಿ, ಅದರ ಮೇಲೆ ಲಿಚಿ ಸಿರಪ್ಪೂ ಹಾಕಿದ್ದೀರಿ. ಒಂದು ಲೋಟದಲ್ಲಿ ಎರಡು ಸಿಹಿ ಸೇರಿತು, ಟಕೀಲಾ ಮುಳುಗಿತು.

ಮಾರ್ಗರಿಟಾದಲ್ಲಿ ಇರುವುದು ಮೂರೇ: ಟಕೀಲಾ, ನಿಂಬೆರಸ, ಟ್ರಿಪಲ್ ಸೆಕ್. ಜೊತೆಗೆ ಲೋಟದ ಅಂಚಿಗೆ ಉಪ್ಪು. ನನ್ನ ಪ್ರಕಾರ ಟಕೀಲಾ ಮತ್ತು ನಿಂಬೆಯನ್ನು ಮುಟ್ಟಲೇಬಾರದು. ಬದಲಾಯಿಸಬೇಕಾದ್ದು ಸಿಹಿ ಮತ್ತು ಉಪ್ಪು. ಇದು ನಾನು ಕಂಡುಹಿಡಿದ ದಾರಿಯೇನಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಟಾಮೀಸ್ ಎಂಬ ಮೆಕ್ಸಿಕನ್ ರೆಸ್ಟೋರೆಂಟಿನಲ್ಲಿ ಹೂಲಿಯೋ ಬರ್ಮೇಹೋ ಅವರು ಟ್ರಿಪಲ್ ಸೆಕ್ ತೆಗೆದು ಅಗಾವೆ (ಟಕೀಲಾ ಮಾಡುವ ಗಿಡ) ಸಿರಪ್ ಹಾಕಿದರು. ಇವತ್ತು ಟಾಮೀಸ್ ಮಾರ್ಗರಿಟಾ ಲೋಕಕ್ಕೆಲ್ಲ ಗೊತ್ತು. ಅದೇ ಜಾಗಕ್ಕೆ ನಾವು ಥಾಯ್ಲೆಂಡಿನ ಸಿರಪ್ ತರೋಣ.

ಥಾಯ್ಲೆಂಡೇ ಯಾಕೆ ಅಂದರೆ, 'ಏಷ್ಯಾ' ಅಂದುಕೊಂಡು ಹೊರಟರೆ ಲಿಚಿ, ಶುಂಠಿ, ಕೊತ್ತಂಬರಿ ಎಲ್ಲಾ ಒಟ್ಟಿಗೆ ಬಂದು ಬೀಳುತ್ತವೆ. ಒಂದು ಅಡುಗೆಮನೆ ಆರಿಸಿಕೊಂಡರೆ ಕೈ ಹಿಡಿತದಲ್ಲಿರುತ್ತದೆ. ಟಾಮ್ ಯಮ್ ಸೂಪ್ ಕುಡಿದಿದ್ದೀರಲ್ವಾ? ಅದರ ಪರಿಮಳ ಬರುವುದು ಮುಖ್ಯವಾಗಿ ಮೂರರಿಂದ: ಮಜ್ಜಿಗೆ ಹುಲ್ಲು (ಅಂಗಡಿಯಲ್ಲಿ ಲೆಮನ್‌ಗ್ರಾಸ್ ಅಂತ ಕೇಳಿ), ಗಲಂಗಲ್ (ಶುಂಠಿಯ ಬಳಗದ ಗೆಡ್ಡೆ), ಮಕ್ರುತ್ ನಿಂಬೆಯ ಎಲೆ. ಸೂಪಿನಲ್ಲಿ ಇವು ನಿಂಬೆಹುಳಿಯ ಜೊತೆಗೇ ಇರುತ್ತವೆ. ಹಾಗಾಗಿ ಮಾರ್ಗರಿಟಾಗೆ ಸುಲಭವಾಗಿ ಹೊಂದುತ್ತವೆ.

ಸಿರಪ್‌ಗೆ ಒಂದು ಲೋಟ ಸಕ್ಕರೆ, ಒಂದು ಲೋಟ ನೀರು. ಮಜ್ಜಿಗೆ ಹುಲ್ಲಿನ ಮೂರು ದಂಟು ತಗೊಂಡು, ಬುಡದ ಬಿಳಿ ಭಾಗವನ್ನು ಕುಟ್ಟಾಣಿಯಲ್ಲಿ ಜಜ್ಜಿ. ಗಲಂಗಲ್ ಐದಾರು ಬಿಲ್ಲೆ ಸಾಕು. ಸಿಗದಿದ್ದರೆ ಶುಂಠಿ ಮೂರು ಬಿಲ್ಲೆ, ಅದಕ್ಕೆ ಖಾರ ಜಾಸ್ತಿ. ಎಲ್ಲವನ್ನೂ ಒಂದು ಕುದಿ ಬರಿಸಿ ಒಲೆ ಆರಿಸಿ. ಆಮೇಲೆ ಮಕ್ರುತ್ ಎಲೆ ನಾಲ್ಕನ್ನು ಹರಿದು ಹಾಕಿ, ಮುಚ್ಚಿ ಅರ್ಧ ಗಂಟೆ ಬಿಡಿ. ಎಲೆಯನ್ನು ಮಾತ್ರ ಕುದಿಸಬೇಡಿ. ನಾನು ಮೊದಲ ಸಲ ಇಪ್ಪತ್ತು ನಿಮಿಷ ಕುದಿಸಿದ್ದೆ. ಪರಿಮಳ ಹೋಗಿ ಕಹಿ ಉಳಿಯಿತು, ಇಡೀ ಪಾತ್ರೆ ಚೆಲ್ಲಬೇಕಾಯಿತು. ಸೋಸಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರಕ್ಕೆ ಮೋಸವಿಲ್ಲ.

ಇನ್ನು ಉಪ್ಪು. ನನಗೆ ಈ ಪಾನೀಯದಲ್ಲಿ ಅತಿ ಇಷ್ಟವಾದ ಭಾಗ ಇದೇ. ಬ್ಯಾಂಕಾಕ್‌ನ ಹಣ್ಣಿನ ಗಾಡಿಗಳಲ್ಲಿ ಮಾವಿನಕಾಯಿ, ಸೀಬೆಕಾಯಿ ಹೆಚ್ಚಿ ಕೊಡುವಾಗ ಜೊತೆಗೊಂದು ಪುಟ್ಟ ಪೊಟ್ಟಣ ಕೊಡುತ್ತಾರೆ. ಉಪ್ಪು, ಸಕ್ಕರೆ, ಮೆಣಸಿನಪುಡಿ ಬೆರೆಸಿದ್ದು. ಪ್ರಿಕ್ ಕ್ಲುಅ ಅಂತ ಹೆಸರು. ಮೆಕ್ಸಿಕೋದಲ್ಲೂ ಮಾವಿನ ಹೋಳುಗಳಿಗೆ ಮೆಣಸಿನಪುಡಿ, ಉಪ್ಪು, ನಿಂಬೆ ಹಾಕಿಯೇ ತಿನ್ನುತ್ತಾರೆ. ನಾವು ಸ್ಕೂಲ್ ಗೇಟಿನ ಹತ್ತಿರ ಉಪ್ಪು ಖಾರ ಹಚ್ಚಿಸಿಕೊಂಡು ತಿಂದ ಮಾವಿನಕಾಯಿಯೂ ಇದೇ ಅಲ್ವಾ!

ಇದರ ಹಿಂದೆ ದೊಡ್ಡ ಕಥೆಯೇ ಇದೆ. 1565ರಿಂದ 1815ರವರೆಗೆ ಸ್ಪೇನಿನ ಹಡಗುಗಳು ಫಿಲಿಪೀನ್ಸ್‌ನ ಮನಿಲಾಕ್ಕೂ ಮೆಕ್ಸಿಕೋದ ಅಕಾಪುಲ್ಕೋಗೂ ಓಡಾಡುತ್ತಿದ್ದವು. ಮೆಕ್ಸಿಕೋದಲ್ಲಿ ಒಂದು ಜಾತಿಯ ಮಾವಿಗೆ ಈಗಲೂ ಮನಿಲಾ ಮಾವು ಅಂತಲೇ ಹೆಸರು. ನಿಂಬೆಯ ಮೂಲ ಏಷ್ಯಾ, ಮೆಣಸಿನಕಾಯಿಯ ಮೂಲ ಅಮೆರಿಕ. ಆ ಹಡಗುಗಳಲ್ಲಿ ಬಂದ ಫಿಲಿಪೀನ್ಸ್ ಜನ ಮೆಕ್ಸಿಕೋದ ಕೊಲಿಮಾ ಕಡೆ ತೆಂಗಿನ ಕಳ್ಳು ಇಳಿಸಿ ಭಟ್ಟಿ ಮಾಡುತ್ತಿದ್ದರು. ಅಗಾವೆಯನ್ನು ಭಟ್ಟಿ ಇಳಿಸುವ ವಿದ್ಯೆ ಪಶ್ಚಿಮ ಮೆಕ್ಸಿಕೋಗೆ ಹಾಗೇ ಬಂತು ಎಂದು ಕೆಲವು ಸಂಶೋಧಕರು ವಾದಿಸುತ್ತಾರೆ. ಹಾಗಾಗಿ ಮಾರ್ಗರಿಟಾಗೆ ಏಷ್ಯಾ ಹೊಸ ನೆಂಟನಲ್ಲ.

ಅಂಚಿಗೆ ಒಂದು ಚಮಚ ಉಪ್ಪು, ಒಂದು ಚಮಚ ಸಕ್ಕರೆ, ಕಾಲು ಚಮಚ ಮೆಣಸಿನಪುಡಿ ಕಲಸಿಕೊಳ್ಳಿ. ಲೋಟದ ಹೊರ ಅಂಚಿಗೆ ನಿಂಬೆಹೋಳು ಉಜ್ಜಿ, ಅರ್ಧ ಸುತ್ತಿಗೆ ಮಾತ್ರ ಹಚ್ಚಿ. ಪ್ರತಿ ಗುಟುಕಿಗೂ ಖಾರ ಬೇಡ ಅನ್ನುವವರು ಇನ್ನರ್ಧದಿಂದ ಕುಡಿಯಬಹುದು.

ಒಂದು ಲೋಟಕ್ಕೆ ಟಕೀಲಾ 60 ಮಿ.ಲೀ., ನಿಂಬೆರಸ 25, ಸಿರಪ್ 20. ಅಳೆಯಲು ಕೆಮ್ಮಿನ ಔಷಧದ ಮುಚ್ಚಳ ಚೆನ್ನಾಗಿ ಒದಗುತ್ತದೆ, ಗೆರೆ ಹಾಕಿರುತ್ತಾರೆ. ನಮ್ಮ ತೆಳು ಸಿಪ್ಪೆಯ ನಿಂಬೆಗೆ ಹುಳಿ ಜೋರು. ಮೊದಲು 20 ಹಾಕಿ ರುಚಿ ನೋಡಿ, ಆಮೇಲೆ ಏರಿಸಿ. ರಸ ಆಗಲೇ ಹಿಂಡಿದ್ದಾಗಿರಲಿ, ಬಾಟಲಿ ರಸ ಬೇಡವೇ ಬೇಡ. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಒಂಟಿ ಪದರದ ಸ್ಟೀಲ್ ಬಾಟಲಿ ಸಾಕು. ಐಸ್ ತುಂಬಿ ಹದಿನೈದು ಸೆಕೆಂಡ್ ಜೋರಾಗಿ ಕುಲುಕಿ. ಬಾಟಲಿ ಹೊರಗೆ ಬೆವರಿ ಕೈಗೆ ಚುರುಕ್ ಅನ್ನುವಷ್ಟು ತಣ್ಣಗಾದರೆ ಆಯಿತು. ಐಸ್ ಕರಗಿದ ನೀರೂ ಇಲ್ಲಿ ಬೇಕಾದ್ದೇ, ಇಲ್ಲದಿದ್ದರೆ ಗಂಟಲಿಗೆ ಒರಟು.

ಟಕೀಲಾ ಕೊಳ್ಳುವಾಗ ಲೇಬಲ್ ಮೇಲೆ 100% ಅಗಾವೆ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅದರಲ್ಲಿ ಅಗಾವೆಯ ಸಕ್ಕರೆ 51% ಮಾತ್ರ ಇದ್ದರೂ ಕಾನೂನು ಒಪ್ಪುತ್ತದೆ. ಬ್ಲಾಂಕೋ, ಅಂದರೆ ಮಾಗಿಸದ ಬಿಳಿ ಟಕೀಲಾ ತಗೊಳ್ಳಿ. ಮರದ ಪೀಪಾಯಿಯಲ್ಲಿ ಮಾಗಿದ ಅನ್ಯೇಹೋದ ವೆನಿಲಾ ಘಮ ಮಜ್ಜಿಗೆ ಹುಲ್ಲಿಗೆ ಹೊಂದುವುದಿಲ್ಲ. ಅಗಾವೆ ಅಂದರೆ ನಮ್ಮ ಹೊಲದ ಬೇಲಿಯ ಕತ್ತಾಳೆಯ ಬಳಗವೇ, ಜಾತಿ ಬೇರೆ. ದಖ್ಖನ್ನಿನ ಕತ್ತಾಳೆಯಿಂದ ಮಾಡಿದ ಮದ್ಯವೂ ಈಗ ಭಾರತದಲ್ಲಿ ಸಿಗುತ್ತದೆ. ಟಕೀಲಾ ಎಂಬ ಹೆಸರು ಮೆಕ್ಸಿಕೋದ್ದಾದ್ದರಿಂದ ಅದನ್ನು ಹಾಗೆ ಕರೆಯುವಂತಿಲ್ಲ. ಈ ಸಿರಪ್ ಜೊತೆ ಅದೂ ಚೆನ್ನಾಗಿರುತ್ತದೆ.

ಹಗಲು ಪಾರ್ಟಿಯಾದರೆ ನಿಂಬೆ ಹಿಂಡಿದ ಕೈಯನ್ನು ಸೋಪು ಹಾಕಿ ತೊಳೆದೇ ಬಿಸಿಲಿಗೆ ಹೋಗಿ. ಚರ್ಮದ ಮೇಲೆ ನಿಂಬೆರಸ, ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳಬಹುದು. ಮದ್ಯ ಕುಡಿಯದವರಿಗೆ ಇದೇ ಸಿರಪ್ 30 ಮಿ.ಲೀ., ನಿಂಬೆರಸ, ತಣ್ಣನೆಯ ಸೋಡಾ ಬೆರೆಸಿ. ಲೋಟದ ಅಂಚಿಗೆ ಅದೇ ಉಪ್ಪು ಖಾರ ಹಚ್ಚಿ ಕೊಡಿ. ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವುದು ಆ ಲೋಟಗಳೇ.